ಚೆರಿ ಮರದ ಅಂಚುಪಟ್ಟಿ

ನನ್ನ ಗಂಡ ಗಾಶ್ಪರ್ ಮೊದಲು ಮಾಡಿದ್ದು ಅಂಚುಪಟ್ಟಿ. ಆಗ ಮೇಲಿನ ಅಂತಸ್ತಿಗೆ ನೆಲವಿರಲಿಲ್ಲ, ಬಾಗಿಲಿರಲಿಲ್ಲ, ಗೋಡೆಗೆ ಗಾರೆಯೂ ಪೂರ್ತಿ ಆಗಿರಲಿಲ್ಲ. ಮರದ ನೆಲ ಹಾಸಿ ಮುಗಿದ ಮೇಲೆ, ಅದು ಗೋಡೆಗೆ ಸೇರುವ ಸಂದು ಕಾಣದಿರಲೆಂದು ಸುತ್ತಲೂ ಹೊಡೆಯುವ ಪಟ್ಟಿ ಅದು. ಎಲ್ಲರೂ ಕೊನೆಗೆ ಮಾಡುವ ಕೆಲಸ. ಅವನು ಒಂದು ಚಳಿಗಾಲವಿಡೀ ಕೊಟ್ಟಿಗೆಯಲ್ಲಿ ಕೂತು ಅದನ್ನೇ ಕೀಸಿದ. ಅವನ ಅಜ್ಜಿ ನೆಟ್ಟ ಚೆರಿ ಮರ ಗಾಳಿಗೆ ಬಿದ್ದಿತ್ತು. ಆ ಕೆಂಪು ಮರವನ್ನು ಒಲೆಗೆ ಹಾಕಲು ಅವನಿಗೆ ಮನಸ್ಸಾಗಲಿಲ್ಲ. ಪಟ್ಟಿಗಳು ನನ್ನ ಕಿರುಬೆರಳಿನಷ್ಟು ದಪ್ಪವೂ ಇರಲಿಲ್ಲ. ಮೇಲಂಚನ್ನು ಅವನು ಸೋಪಿನ ಬಿಲ್ಲೆಯ ಅಂಚಿನಂತೆ ದುಂಡಗೆ ಮಾಡಿದ್ದ.

ನೆರೆಮನೆಯ ರೂಡಿ ಚಿಕ್ಕಪ್ಪ ಬಸ್ ಓಡಿಸಿ ನಿವೃತ್ತರಾದವರು, ಈಗ ಊರಿನವರ ಕೆಲಸಗಳ ಮೇಲ್ವಿಚಾರಣೆ ಅವರದೇ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳಿದರು:

"ಅಲ್ಲ ಕಣೋ, ಮೀಸೆ ಮೊದ್ಲು ಮಾಡಿಟ್ಕೊಂಡು ಆಮೇಲೆ ಮುಖ ಹುಡುಕೋಕೆ ಹೋಗ್ತೀಯಾ?"

"ಮೀಸೆ ಚೆನ್ನಾಗಿದ್ರೆ ಮುಖ ತಾನಾಗೇ ಹೊಂದ್ಕೊಳ್ಳುತ್ತೆ ಬಿಡಿ," ಎಂದ ಗಾಶ್ಪರ್.

ನಮ್ಮ ಕಣಿವೆಯಲ್ಲಿ ಮನೆಗಳು ಹೀಗೆಯೇ. ತಂದೆ ಕೆಳಗಿನ ಅಂತಸ್ತು ಮುಗಿಸುತ್ತಾನೆ. ಮೇಲಿನದಕ್ಕೆ ಗೋಡೆ ಎಬ್ಬಿಸಿ, ಮಾಡು ಹೊದೆಸಿ ನಿಲ್ಲಿಸುತ್ತಾನೆ. ಉಳಿದದ್ದು ಮಗನ ಪಾಲು. ಅದನ್ನು ಸ್ವಂತ ಕೈಯಿಂದ, ಸ್ವಂತ ಕಾಡಿನ ಮರದಿಂದ ಮಾಡಬೇಕು. ಹೊರಗಿನವರನ್ನು ಕರೆಸಿದರೆ ಆ ಮನೆಯ ಗಂಡಸಿಗೆ ಕೈಯಿಲ್ಲ ಎಂದು ಚರ್ಚಿನ ಮುಂದೆ ಆಡಿಕೊಳ್ಳುತ್ತಾರೆ. ಹಾಗಾಗಿ ಎಷ್ಟೋ ಮನೆಗಳ ಮೇಲಿನ ಅಂತಸ್ತು ಬಟ್ಟೆ ಒಣಹಾಕುವುದಕ್ಕೆ, ಆಲೂಗಡ್ಡೆ ಹರಡುವುದಕ್ಕೆ ಉಳಿದುಬಿಟ್ಟಿದೆ. ನಾವು ಮದುವೆಯಾದಾಗಿನಿಂದ ಕೆಳಗೆ, ಗಾಶ್ಪರನ ಹುಡುಗತನದ ಕೋಣೆಯಲ್ಲಿ ಇದ್ದೆವು. ಗೋಡೆಯಲ್ಲಿ ಅವನ ಸ್ಕೀಯಿಂಗ್ ಪದಕಗಳು ಇದ್ದವು.

ಆ ಫೆಬ್ರವರಿಯಲ್ಲಿ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿತು. ಬೆಟ್ಟಕ್ಕೆ ಬೆಟ್ಟವೇ ಗಾಜಾಯಿತು. ಬೀಚ್ ಮರಗಳು ಭಾರ ತಾಳದೆ ಮುರಿದವು, ಮುರಿಯದವು ಬಾಗಿದವು. ಇಲ್ಲಿ ಪ್ರತಿ ಮನೆಗೂ ಬೆಟ್ಟದಲ್ಲಿ ಒಂದು ಪಾಲು ಕಾಡು. ದಾರಿ ತೆರೆದಿದ್ದೇ ಎಲ್ಲರೂ ಗರಗಸ ಹಿಡಿದು ಹೋದರು. ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಗಾಶ್ಪರ್, ಬಿಲ್ಲಿನಂತೆ ಬಾಗಿ ತುದಿ ನೆಲದಲ್ಲಿ ಸಿಕ್ಕಿಕೊಂಡಿದ್ದ ಒಂದು ಬೀಚ್ ಮರವನ್ನು ಕೊಯ್ಯತೊಡಗಿದ. ಅವನ ತಂದೆ ಫೆಲಿಕ್ಸ್ ಕೆಳಗೆ ಟ್ರಾಕ್ಟರಿಗೆ ಸರಪಳಿ ಕಟ್ಟುತ್ತಿದ್ದರು. ಮರ ಸೀಳಿ, ಸೆಟೆದೆದ್ದು ಅವನಿಗೆ ಬಡಿಯಿತು. ಮಾವ ಅವನ ದೇಹವನ್ನು ಟ್ರಾಕ್ಟರಿನಲ್ಲೇ ತಂದರು.

ಆಮೇಲಿನ ವಾರಗಳು ನನಗೆ ಅಷ್ಟಾಗಿ ನೆನಪಿಲ್ಲ. ಜನ ಬಂದರು, ಅಡುಗೆ ತಂದರು, ಪಾತ್ರೆ ವಾಪಸ್ ಒಯ್ದರು. ನಾನು ರಿಬ್ನಿತ್ಸಾ ಪೇಟೆಯ ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಬೇಗನೆ ಕೆಲಸಕ್ಕೆ ಹೋದೆ. ಮಕ್ಕಳಿಗೆ ನದಿಗಳ ಹೆಸರು ಹೇಳಿಕೊಟ್ಟೆ.

ಮಾವ ಒಬ್ಬರೇ ಕಾಡಿಗೆ ಹೋಗಿ ಬಿದ್ದ ಮರಗಳನ್ನೆಲ್ಲ ಇಳಿಸಿದರು. ಆ ಮರವನ್ನೂ ಇಳಿಸಿದರು. ಅದೊಂದನ್ನು ಅಲ್ಲೇ ಬಿಡಬಾರದಿತ್ತೇ ಎಂದು ಅತ್ತೆ ಪಾವ್ಲಾ ಕೇಳಿದರು. ಮರವನ್ನು ಕಾಡಲ್ಲಿ ಕೊಳೆಯಲು ಬಿಡುವ ಮನೆ ಇದಲ್ಲ ಎಂದರು ಮಾವ. ಎಲ್ಲವನ್ನೂ ಸಾ ಮಿಲ್ಲಿನಲ್ಲಿ ಹಲಗೆ ಕೊಯ್ಯಿಸಿ, ನಡುನಡುವೆ ಕಡ್ಡಿ ಇಟ್ಟು, ಹುಲ್ಲು ಒಣಗಿಸುವ ಚಪ್ಪರದಡಿ ಪೇರಿಸಿದರು.

ಸೆಪ್ಟೆಂಬರಿನಲ್ಲಿ, ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಅತ್ತೆ ನನ್ನನ್ನು ಕೇಳಿದರು:

"ಮೇಲ್ಗಡೆ ಆಗ್ಲಿಲ್ಲ ಅಂದ್ರೆ ನೀನು ಹೊರಟುಹೋಗ್ತೀಯ, ಅಲ್ವಾ ಬ್ರಿನಾ?"

ಗೊತ್ತಿಲ್ಲ ಎಂದೆ. ಗೊತ್ತಿತ್ತು. ಆ ಪದಕಗಳ ಕೆಳಗೆ ಇನ್ನೊಂದು ವರ್ಷ ಮಲಗುವುದು ನನ್ನಿಂದಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಅತ್ತೆಯ ಮುಖ, ಸಂಜೆ ಬಂದರೆ ಮಾವನ ಬೆನ್ನು. ಮೂವರೂ ಒಬ್ಬರಿಗೊಬ್ಬರು ಕಾಣಿಸದ ಹಾಗೆ ಓಡಾಡುತ್ತಿದ್ದೆವು. ಹೋಗುವುದಾದರೆ ಮಾರಿಬೋರ್‌ನಲ್ಲಿ ಅಮ್ಮನ ಫ್ಲಾಟ್ ಇತ್ತು. ಆದರೆ ಮೇಲೆ, ಗಾಶ್ಪರ್ ಕಿಟಕಿ ಎಲ್ಲಿರಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದ ಕೋಣೆ ಇತ್ತು. ಅದು ಮುಗಿದರೆ ಮುಚ್ಚಿಕೊಳ್ಳಲು ನನ್ನದೇ ಒಂದು ಬಾಗಿಲು ಸಿಗುತ್ತದೆ. ಅಷ್ಟಾದರೆ ನಾನು ಈ ಮನೆಯಲ್ಲಿ ಉಳಿಯಬಲ್ಲೆ ಅನಿಸಿತ್ತು. ಅದನ್ನು ಬಿಟ್ಟು ಬೇರೇನೂ ನನಗೆ ಬೇಕೆನಿಸಿರಲಿಲ್ಲ.

ಅತ್ತೆ ಅದನ್ನು ಮಾವನಿಗೆ ಹೇಳಿರಬೇಕು. ಮರುದಿನ ಅವರು ಹಲಗೆಗಳನ್ನು ಮೇಲಕ್ಕೆ ಹೊರತೊಡಗಿದರು. ಮಾರ್ಚಿನಲ್ಲಿ ಬರುವ ಗಾಶ್ಪರನ ವರ್ಷದ ಪೂಜೆಯ ಹೊತ್ತಿಗೆ ನೆಲ ಮುಗಿಯಬೇಕು, ಚರ್ಚಿನಿಂದ ಬಂದವರಿಗೆ ಮೇಲೆಯೇ ಊಟ ಹಾಕಬೇಕು, ಅವತ್ತಿನಿಂದ ನಾನು ಅಲ್ಲಿರಬೇಕು ಎಂದರು. ನಾನೂ ಹೊರಲು ಹೋದೆ. ಕೋಣೆಯ ಮಧ್ಯೆ ಪೇರಿಸುವಾಗ, ಇವುಗಳಲ್ಲಿ ಆ ಮರದ್ದು ಯಾವುದೆಂದು ಕೇಳಿದೆ.

"ಕೊಯ್ದ ಮೇಲೆ ಎಲ್ಲಾ ಒಂದೇ," ಎಂದರು ಮಾವ. ಮತ್ತೆ ಕೇಳಲಿಲ್ಲ.

ಚಳಿ ಬೀಳುವ ಮೊದಲು ಮಾವ ಗಾರೆ ಮುಗಿಸಿ, ಗಾಶ್ಪರ್ ಗೆರೆ ಎಳೆದಿದ್ದಲ್ಲಿ ಕಿಟಕಿ, ಆಮೇಲೆ ಬಾಗಿಲು ಕೂರಿಸಿ, ಒಂದು ಕಬ್ಬಿಣದ ಒಲೆ ತಂದಿಟ್ಟರು. ಆ ಚಳಿಗಾಲ ಪೂರ್ತಿ ಒಲೆ ಆರಲಿಲ್ಲ. ಹಲಗೆ ಬೇಗ ಒಣಗಲೆಂದು ಮಾವ ಅದನ್ನು ಸುಣ್ಣದ ಗೂಡಿನಂತೆ ಉರಿಸಿದರು. ಹೊರಗೆ ಕಣಿವೆಯ ಮಂಜು, ಒಳಗೆ ಉಸಿರು ಕಟ್ಟುವ ಒಣ ಸೆಕೆ. ಹಲಗೆಗಳು ಟಪ್ ಟಪ್ ಎಂದು ಸದ್ದು ಮಾಡುತ್ತ ಸೊರಗಿದವು. ಆಮೇಲೆ ರೂಡಿ ಚಿಕ್ಕಪ್ಪನ ಯಂತ್ರ ಎರವಲು ತಂದು, ಒಂದೊಂದು ಹಲಗೆಯ ಒಂದು ಅಂಚಿಗೆ ನಾಲಿಗೆ, ಇನ್ನೊಂದು ಅಂಚಿಗೆ ತೋಡು ತೆಗೆದೆವು. ಒಂದರ ನಾಲಿಗೆ ಇನ್ನೊಂದರ ತೋಡಿನಲ್ಲಿ ಕೂರಬೇಕು, ಮೊಳೆ ಕಾಣಬಾರದು. ಇಬ್ಬರಿಗೂ ಬಾರದ ಕೆಲಸ. ಮೊದಲ ಸಾಲನ್ನು ಮೂರು ಸಲ ಕಿತ್ತೆವು. ಕೋಣೆಯ ಗೋಡೆಯೇ ಸೊಟ್ಟಗಿದೆ ಎಂದು ಗೊತ್ತಾದದ್ದು ಆಗ. ಗೋಡೆ ಕಟ್ಟಿದ್ದು ಮಾವನೇ. ಅವರು ಗೋಡೆಯನ್ನು ಸ್ವಲ್ಪ ಹೊತ್ತು ನೋಡಿ, ಅಳತೆಯ ನೂಲು ಸರಿಯಿಲ್ಲ ಎಂದರು.

ಹೇಳಬೇಕೆಂದರೆ, ಆ ವಾರಗಳು ಚೆನ್ನಾಗಿದ್ದವು. ಮೊಣಕಾಲಿಗೆ ಹಳೆಯ ದಿಂಬಿನ ತುಂಡು ಕಟ್ಟಿಕೊಂಡು, ಶಾಲೆಯಿಂದ ಬಂದವಳೇ ಮೇಲೆ ಹೋಗುತ್ತಿದ್ದೆ. ಮಾವ ಬೆಣೆ ಹೊಡೆದು ಹಲಗೆಯನ್ನು ಒತ್ತಿ ಹಿಡಿಯುತ್ತಿದ್ದರು, ನಾನು ನಾಲಿಗೆಯ ಮೇಲೆ ಓರೆಯಾಗಿ ಮೊಳೆ ಹೊಡೆಯುತ್ತಿದ್ದೆ. ಬೀಚ್ ಗಟ್ಟಿ ಮರ. ಮೊದಲೇ ತೂತು ಕೊರೆಯದಿದ್ದರೆ ಮೊಳೆ ಬಾಗುತ್ತದೆ. ಬಾಗಿದ ಮೊಳೆಗಳನ್ನೆಲ್ಲ ಮಾವ ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದರು, ಬಿಡುವಾದಾಗ ತಟ್ಟಿ ನೆಟ್ಟಗೆ ಮಾಡಲು.  ಸುತ್ತಿಗೆಯ ಸದ್ದು ಇರುವವರೆಗೆ ಕೆಳಗೆ ಅತ್ತೆಯ ಪಾತ್ರೆಗಳ ಸದ್ದೂ ಹಗುರವಾಗಿ ಕೇಳುತ್ತಿತ್ತು.

ಕೊನೆಯ ಸಾಲುಗಳ ಹೊತ್ತಿಗೆ ರೂಡಿ ಚಿಕ್ಕಪ್ಪ ಮೆಟ್ಟಿಲು ಹತ್ತಿ ಬಂದರು. ಬಗ್ಗಿ, ಹಲಗೆಗೂ ಗೋಡೆಗೂ ನಡುವೆ ಬೆರಳು ತೂರಿಸಲು ನೋಡಿದರು. ಬೆರಳು ಹೋಗಲಿಲ್ಲ.

"ಫೆಲಿಕ್ಸಾ, ಗೋಡೆ ಪಕ್ಕ ಜಾಗ ಎಲ್ಲಯ್ಯಾ ಬಿಟ್ಟಿದ್ದೀಯ?"

"ಜಾಗ ಯಾಕೆ? ಇಲಿ ಓಡಾಡೋಕಾ?"

"ಇದು ಬೀಚ್ ಕಣಯ್ಯ, ಸುಮ್ನೆ ಬಿದ್ದಿರೋ ಮರ ಅಲ್ಲ. ತೇವ ಕುಡಿದ್ರೆ ಉಬ್ಬುತ್ತೆ. ಸುತ್ತ ಒಂದೊಂದು ಬೆರಳು ಬಿಡ್ಬೇಕು. ನಂಗೆ ಹೇಗೆ ಗೊತ್ತು ಅಂದ್ಕೊಂಡೆ? ಮಗಳ ಮದುವೆ ವರ್ಷ ನಮ್ಮನೆ ನೆಲ ಎದ್ದು ಕೂತಿತ್ತಲ್ಲ. ಬೀಗರು ಗುಡ್ಡ ಹತ್ತಿ ಇಳಿದು ಊಟಕ್ಕೆ ಕೂತ್ರು."

ನಾನು ಕೊಟ್ಟಿಗೆಗೆ ಹೋಗಿ ಗಾಶ್ಪರನ ಒಂದು ಪಟ್ಟಿ ತಂದು ಗೋಡೆಯ ಬುಡಕ್ಕೆ ಹಿಡಿದೆ. ಒಂದು ಬೆರಳು ಜಾಗ ಬಿಟ್ಟರೆ ಅದರ ಅರ್ಧವನ್ನೂ ಅದು ಮುಚ್ಚುತ್ತಿರಲಿಲ್ಲ. ಅಷ್ಟು ತೆಳು. ಕಪ್ಪು ಸಂದು ಸುತ್ತಲೂ ಕಾಣುತ್ತಿತ್ತು. ರೂಡಿ ಚಿಕ್ಕಪ್ಪ ಪೇಟೆಯಲ್ಲಿ ದಪ್ಪ ಪಟ್ಟಿ ಸಿಗುತ್ತದೆ, ಬಣ್ಣ ಹಚ್ಚಿದ್ದೇ ಸಿಗುತ್ತದೆ ಎಂದರು.

"ಈ ಪಟ್ಟೀನೇ ಹೊಡೆಯೋದು," ಎಂದೆ.

ಅವರಿಗೆ ತಾವು ಹಿಂದೆ ಆಡಿದ್ದ ಮಾತು ನೆನಪಾಯಿತು ಅನಿಸುತ್ತದೆ. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಮೀಸೆಗೋಸ್ಕರ ಮುಖ ಕೊಯ್ಕೊತಿದ್ದೀಯಲ್ಲಮ್ಮ," ಎಂದರು, ಮೆಲ್ಲಗೆ.

ಮಾವ ನನ್ನನ್ನು ನೋಡಲಿಲ್ಲ. ಪಟ್ಟಿಯ ದುಂಡಗಿನ ಅಂಚಿನ ಮೇಲೆ ಹೆಬ್ಬೆರಳು ಸವರಿದರು. "ಹುಡುಗಿ ಹೇಳಿದ ಹಾಗೇ ಆಗ್ಲಿ," ಎಂದು ಬೆಣೆ ತೆಗೆದುಕೊಂಡು ಕೊನೆಯ ಹಲಗೆಯನ್ನು ಗೋಡೆಗೆ ಬಿಗಿದರು.

ಪಟ್ಟಿಗಳನ್ನು ನಾನೊಬ್ಬಳೇ ಹೊಡೆದೆ. ಮೂಲೆಗಳಲ್ಲಿ ಎರಡು ಪಟ್ಟಿಗಳನ್ನು ಓರೆಯಾಗಿ ಕೊಯ್ದು ಕೂಡಿಸಬೇಕು. ಸೊಟ್ಟ ಗೋಡೆಗೆ ಯಾವ ಓರೆಯೂ ಸರಿಹೋಗುವುದಿಲ್ಲ. ಒಂದು ಮೂಲೆಯಲ್ಲಿ ಸಂದು ಉಳಿಯಿತು, ಅದಕ್ಕೆ ಮೇಣ ತುಂಬಿದೆ. ಉಳಿದಂತೆ ಅದು ಚೆನ್ನಾಗಿ ಕಂಡಿತು. ಬಿಳಿಚಿದ ನೆಲ, ಅದರ ಸುತ್ತ ಒಂದು ಕೆಂಪು ಗೆರೆ. ಗಾಶ್ಪರ್ ಹೇಳಿದ್ದು ನಿಜವೇ ಆಗಿತ್ತು.

ವರ್ಷದ ಪೂಜೆಯ ದಿನ ಚರ್ಚಿನಿಂದ ಬಂದವರು ಕೆಳಗೆ ಬೂಟು ಬಿಚ್ಚಿದರು. ಅತ್ತೆ ಅತಿಥಿಗಳಿಗೆಂದು ಇಟ್ಟಿರುವ ಬಟ್ಟೆ ಚಪ್ಪಲಿಗಳ ಬುಟ್ಟಿಯನ್ನು ಮುಂದಿಟ್ಟರು. ಎಲ್ಲರೂ ಅವನ್ನು ಮೆಟ್ಟಿಕೊಂಡು ಮೇಲೆ ಬಂದು, ನೆಲವನ್ನು ನೋಡುವುದೋ ಬೇಡವೋ ತಿಳಿಯದೆ ನಿಂತರು. ಅತ್ತೆ ಹುಳಿ ಬರಿಸಿದ ಕೋಸು, ಹೊಗೆಯಾಡಿಸಿದ ಮಾಂಸ, ಆಕ್ರೋಡಿನ ಸುರುಳಿ ರೊಟ್ಟಿ ಮಾಡಿದ್ದರು. ಮನೆಗೆಲಸ ಮುಗಿದಾಗ ಕೈಜೋಡಿಸಿದವರಿಗೆ ಊಟ ಹಾಕುವುದು ಇಲ್ಲಿಯ ರೂಢಿ. ಅವತ್ತಿನ ಊಟ ಅದೋ, ಸತ್ತವನ ಊಟವೋ, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ರೂಡಿ ಚಿಕ್ಕಪ್ಪ ಹೊರಡುವಾಗ ತಮ್ಮ ಕಾಲಿನಲ್ಲಿದ್ದದ್ದು ಗಾಶ್ಪರನ ಚಪ್ಪಲಿ ಎಂದು ಕಂಡುಕೊಂಡರು. ಬುಟ್ಟಿಯಲ್ಲಿ ಹೇಗೋ ಸೇರಿಕೊಂಡಿತ್ತು. ಅವರು ಅದನ್ನು ಬಿಚ್ಚಿ, ಕೋಣೆಯ ಒಳಗೆ, ಬಾಗಿಲ ಬಳಿ ಜೋಡಿಸಿಟ್ಟು ಬರಿಗಾಲಲ್ಲಿ ಇಳಿದುಹೋದರು. ಅದು ಅಲ್ಲೇ ಉಳಿಯಿತು.

ಅವತ್ತು ನಾನು ಮೇಲೆ ಮಲಗಲಿಲ್ಲ. ಈಸ್ಟರ್ ಆಗಲಿ ಎಂದೆ. ಈಸ್ಟರ್ ಆಯಿತು, ಶಾಲೆ ಮುಗಿಯಲಿ ಎಂದೆ. ಅತ್ತೆಯಾಗಲಿ ಮಾವನಾಗಲಿ ಒತ್ತಾಯಿಸಲಿಲ್ಲ. ಮಲಗುವವರಿಲ್ಲದ ಕೋಣೆಗೆ ಒಲೆ ಯಾಕೆಂದು ಮಾವ ಬೆಂಕಿ ಹಾಕುವುದನ್ನು ಬಿಟ್ಟರು. ಎಣ್ಣೆ ಹಚ್ಚಿದ ಮರದ ವಾಸನೆಗೆ ನನಗೆ ತಲೆನೋವು ಬರಬಾರದೆಂದು ಅತ್ತೆ ಮೇಲಿನ ಕಿಟಕಿಗಳನ್ನು ತೆರೆದಿಟ್ಟು ಬಾಗಿಲು ಎಳೆದುಕೊಂಡು ಬಂದರು. ಆಮೇಲೆ ಯಾರೂ ಅಲ್ಲಿಗೆ ಹೋಗಲಿಲ್ಲ. ಆ ವಸಂತವೆಲ್ಲ ಮಳೆ. ಕಣಿವೆಯ ಮಂಜು ಮಧ್ಯಾಹ್ನದವರೆಗೂ ಮೇಲೇಳುತ್ತಿರಲಿಲ್ಲ. ಕಿಟಕಿಯಿಂದ ನೇರವಾಗಿ ಒಳಗೆ ಬರುತ್ತಿತ್ತು.

ಜೂನಿನಲ್ಲಿ ಶಾಲೆ ಮುಗಿದ ದಿನ, ಪುಸ್ತಕಗಳನ್ನು ಒಂದು ಪೆಟ್ಟಿಗೆಗೆ ತುಂಬಿದೆ. ಅತ್ತೆ ಹೊಸ ಹಾಸುಬಟ್ಟೆಗಳನ್ನು ಇಸ್ತ್ರಿ ಮಾಡಿ ಮಡಚಿ ಪೆಟ್ಟಿಗೆಯ ಮೇಲಿಟ್ಟರು. ಅದನ್ನು ಹೊತ್ತು ಮೇಲೆ ಹೋಗಿ, ಭುಜದಿಂದ ಬಾಗಿಲು ತಳ್ಳಿದೆ. ತೆರೆಯಲಿಲ್ಲ. ಪೆಟ್ಟಿಗೆ ಕೆಳಗಿಟ್ಟು ಎರಡೂ ಕೈಯಿಂದ ತಳ್ಳಿದೆ. ಬಾಗಿಲು ಒಂದು ಅಂಗೈಯಷ್ಟು ಸರಿದು ನಿಂತಿತು. ಸಂದಿನಿಂದ ಬಗ್ಗಿ ನೋಡಿದೆ. ಕೆಳಗೆ ನೆಲ ಇರಬೇಕಾದ ಜಾಗದಲ್ಲಿ ಇರಲಿಲ್ಲ, ಅದು ಮೇಲೆ ಬಂದು ಬಾಗಿಲಿಗೆ ಒತ್ತಿ ನಿಂತಿತ್ತು.

ಕರೆದೆನೋ ಇಲ್ಲವೋ ನೆನಪಿಲ್ಲ. ಮಾವ ಬಂದರು. ಅಂಗಳದಿಂದ ಏಣಿ ಹಾಕಿ ಕಿಟಕಿಯಿಂದ ಒಳಗಿಳಿದು, ಬಾಗಿಲನ್ನು ಕೀಲಿನಿಂದ ಬಿಡಿಸಿ ಗೋಡೆಗೆ ಒರಗಿಸಿದರು.

ಕೋಣೆಯ ಮಧ್ಯೆ ಹಸು ಮಲಗಿದ ಹಾಗಿತ್ತು. ಹಲಗೆಗಳು ಕೆಳಗೆ ಅಡ್ಡಲಾಗಿ ಹಾಸಿದ್ದ ತೊಲೆಗಳಿಂದ ಮೊಳೆಸಮೇತ ಕಿತ್ತು, ಒಂದನ್ನೊಂದು ಬಿಡದೆ, ಒಟ್ಟಿಗೆ ಎದ್ದಿದ್ದವು. ನಮ್ಮ ನಾಲಿಗೆ ತೋಡುಗಳು ಅಷ್ಟು ಗಟ್ಟಿಯಾಗಿ ಕೂತಿದ್ದವು. ಗೋಡೆಯ ಬುಡದಲ್ಲಿ ಗಾರೆ ಉದುರಿತ್ತು. ಚೆರಿ ಪಟ್ಟಿಗಳು ಗೋಡೆಯಿಂದ ಬಿಟ್ಟು ಬಾಗಿ ನಿಂತಿದ್ದವು, ಉದ್ದನೆಯವೆಲ್ಲ ಮೊಳೆಯ ಜಾಗದಲ್ಲಿ ಸೀಳಿದ್ದವು. ಗಾಶ್ಪರನ ಚಪ್ಪಲಿಗಳು ಇಳಿಜಾರಿನಲ್ಲಿ ಜಾರಿ ಮೂಲೆಗೆ ಹೋಗಿದ್ದವು.

ಮಾವ ಉಬ್ಬಿನ ಮೇಲೆ ಕಾಲಿಟ್ಟು ಒತ್ತಿದರು. ಅದು ಬಗ್ಗಿತು. ಕಾಲು ತೆಗೆದರು, ಮತ್ತೆ ಎದ್ದಿತು. ಇನ್ನೊಂದು ಸಲ ಒತ್ತಿದರು. ಆಮೇಲೆ ಮೊಣಕಾಲೂರಿ, ಎರಡೂ ಅಂಗೈಗಳನ್ನು ಅದರ ಮೇಲಿಟ್ಟು ಕೂತರು. ನಾನು ಹಾಸುಬಟ್ಟೆಗಳನ್ನು ಕೆಳಗೆ ಕೊಂಡೊಯ್ದು ಅತ್ತೆಯ ಕೈಗೆ ಕೊಟ್ಟೆ.

ರೂಡಿ ಚಿಕ್ಕಪ್ಪ ಈ ಸಲ ಏನೂ ತಮಾಷೆ ಮಾಡಲಿಲ್ಲ. ಗೋಡೆಯ ಸುತ್ತ ಒಂದು ಬೆರಳಗಲ ಕೊಯ್ದು ತೆಗೆದು, ಒಂದು ಚಳಿಗಾಲ ಒಲೆ ಉರಿಸಿದರೆ ಇಳಿದರೂ ಇಳಿಯಬಹುದು ಎಂದರು. ಅವರ ಮನೆಯದು ಇಳಿಯಿತೇ ಎಂದು ಅತ್ತೆ ಕೇಳಿದರು. ಅವರು ಕಿಟಕಿಯ ಹೊರಗೆ ನೋಡಿ, ಅದರ ಮೇಲೆ ಕಾರ್ಪೆಟ್ ಹಾಕಿದ್ದೇವೆ ಎಂದರು.

ಪಟ್ಟಿಗಳನ್ನು ಕಿತ್ತವಳೂ ನಾನೇ. ಸೀಳದೆ ಉಳಿದವು ಗಿಡ್ಡವು, ಕಿಟಕಿಯ ಕೆಳಗಿನವು. ಅವನ್ನೂ ಸೀಳಿದವನ್ನೂ ಒಟ್ಟಿಗೆ ಕಟ್ಟಿ, ಕೆಳಗಿನ ಕೋಣೆಯಲ್ಲಿ ಪದಕಗಳ ಪಕ್ಕದ ಮೂಲೆಗೆ ನಿಲ್ಲಿಸಿದೆ. ಮಾವ ಗೋಡೆಯುದ್ದಕ್ಕೂ ನೆಲವನ್ನು ಕೊಯ್ದರು. ಸುತ್ತಲೂ ಕಪ್ಪು ಕಾಲುವೆಯಂಥ ಸಂದು. ನೆಲ ಒಂದಿಷ್ಟು ಕುಸಿದು, ಅಲ್ಲೇ ನಿಂತಿತು.

ಆಗಸ್ಟಿನಲ್ಲಿ ಮಾರಿಬೋರ್‌ನ ಒಂದು ಶಾಲೆಗೆ ಅರ್ಜಿ ಹಾಕಿದೆ. ಸೆಪ್ಟೆಂಬರಿನಲ್ಲಿ ಮಾವ ಮೇಲಿನ ಒಲೆ ಹೊತ್ತಿಸಿದರು. ಆಮೇಲೆ ದಿನವೂ, ಬೆಳಿಗ್ಗೆ ಹಾಲು ಕರೆದು ಬಂದ ಮೇಲೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಬಾಗಿಲಿಲ್ಲದ ಆ ಕೋಣೆಗೆ ಹೋಗಿ ಬೆಂಕಿಗೆ ಸೌದೆ ಹಾಕುತ್ತಿದ್ದರು. ಯಾರೂ ಇಲ್ಲದ ಕೋಣೆ. ಊರಿನವರು ಹೊಗೆ ನೋಡಿ, ಬ್ರಿನಾ ಮೇಲೆ ಹೋದಳೇ ಎಂದು ಅತ್ತೆಯನ್ನು ಕೇಳುತ್ತಿದ್ದರಂತೆ. ಅತ್ತೆ ಏನು ಹೇಳುತ್ತಿದ್ದರೋ ಗೊತ್ತಿಲ್ಲ.

ನವೆಂಬರಿನ ಮೊದಲ ದಿನ, ಸಕಲ ಸಂತರ ಹಬ್ಬ. ಸಮಾಧಿಗೆ ಸೇವಂತಿಗೆ ಇಟ್ಟು, ಮೇಣದ ದೀಪ ಹಚ್ಚಿ ಬಂದೆವು. ಮಾವ ನಮಗಿಂತ ಮೊದಲೇ ಮನೆಗೆ ಬಂದಿದ್ದರು. ಮೇಲಿನ ಚಿಮಣಿಯಲ್ಲಿ ಹೊಗೆ ಇತ್ತು. ಕೆಲಸದ ಪತ್ರ ಹಿಂದಿನ ದಿನವಷ್ಟೇ ಬಂದಿತ್ತು. ಹೇಳಿಬಿಡೋಣವೆಂದು ಮೇಲೆ ಹೋದೆ.

ಅವರು ಚರ್ಚಿಗೆ ಹಾಕಿದ್ದ ಕೋಟಿನಲ್ಲೇ ಒಲೆಯ ಮುಂದೆ ಕೂತಿದ್ದರು. ಪಕ್ಕದಲ್ಲಿ ಗಿಡ್ಡಗೆ ತುಂಡು ಮಾಡಿದ ಮರ. ಅದು ಸೌದೆಯಲ್ಲ, ಹಲಗೆ. ನಾವು ಹಾಸಿದ್ದರಷ್ಟೇ ದಪ್ಪ, ಕೀಸಿರಲಿಲ್ಲ, ಒಂದು ಕಡೆ ತೊಗಟೆ ಇನ್ನೂ ಅಂಟಿಕೊಂಡಿತ್ತು. ಕೆಲವು ತುಂಡುಗಳಲ್ಲಿ ಉದ್ದಕ್ಕೆ ಒಂದು ಆಳವಾದ ಸೀಳು, ಗರಗಸದ್ದಲ್ಲ.

ನಾನು ನೋಡುತ್ತಿರುವುದನ್ನು ಅವರು ನೋಡಿದರು.

"ಕೊಯ್ದ ಮೇಲೆ ಎಲ್ಲಾ ಒಂದೇ ಅಂದಿದ್ರಿ," ಎಂದೆ.

"ಅಂದಿದ್ದೆ." ಒಂದು ತುಂಡನ್ನು ಎತ್ತಿ, ತಿರುಗಿಸಿ, ಒಳಗಿಟ್ಟರು. "ಇದನ್ನ ನೆಲಕ್ಕೆ ಹಾಕ್ಲಿಲ್ಲ. ಚಪ್ಪರದ ಹಿಂದೆ ಬೇರೆ ಇಟ್ಟಿದ್ದೆ. ನೀನು ಅದ್ರ ಮೇಲೆ ಓಡಾಡೋದು ಬೇಡ ಅಂತ."

ಬೀಚ್ ಚೆನ್ನಾಗಿ ಉರಿಯುತ್ತದೆ. ಕಿಡಿ ಸಿಡಿಯುವುದಿಲ್ಲ, ಸದ್ದೂ ಕಡಿಮೆ. 

"ಮಾರಿಬೋರ್‌ನಲ್ಲಿ ಕೆಲಸ ಸಿಕ್ಕಿದೆ ಮಾವ. ಹೊಸ ವರ್ಷ ಕಳೆದ ಮೇಲೆ ಹೋಗ್ತೀನಿ."

ಅವರು ತಲೆಯಾಡಿಸಿದರು. ಗೊತ್ತಿದ್ದವರ ಹಾಗೆ. ಒಲೆಯ ಬಾಗಿಲು ಮುಚ್ಚಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನೆಲದ ಕಡೆ ಗಲ್ಲ ತೋರಿಸಿದರು.

"ಸ್ವಲ್ಪ ಇಳಿದಿದೆ, ನೋಡು."

ನೋಡಿದೆ. ಹಲಗೆಗಳ ನಡುವೆ ಈಗ ಸಂದುಗಳು ಬಿಟ್ಟಿದ್ದವು, ನಾಣ್ಯ ಬೀಳುವಷ್ಟು. ಉಬ್ಬು ಇದ್ದಲ್ಲೇ ಇತ್ತು.

"ಹೂಂ," ಎಂದೆ.

"ಇನ್ನೂ ಬೇಕಾದಷ್ಟಿದೆ," ಎಂದರು ಮಾವ, ತುಂಡುಗಳ ರಾಶಿಯನ್ನು ನೋಡುತ್ತ. "ಎರಡು ಚಳಿಗಾಲಕ್ಕೆ ಸಾಕು."